ಮರಳಿನ ಗುಣ ಬರೆದಿಟ್ಟವರು

ಮೊಬೈಲ್ ಸಿಗ್ನಲ್ ಸಿಗದ ಕಡೆಗೆ ಜೀಪು ಓಡಿಸಿಕೊಂಡು ಹೋಗುವವರ ಫೋನಿನಲ್ಲಿ ಇವತ್ತು ಆಫ್‌ಲೈನ್ ನಕ್ಷೆ ಇದ್ದೇ ಇರುತ್ತದೆ. ಹೊರಡುವ ಮೊದಲೇ ಇಳಿಸಿಕೊಂಡ ಆ ನಕ್ಷೆಯ ಮೇಲೆ ನೀಲಿ ಚುಕ್ಕೆಯೊಂದು ಗಾಡಿಯ ಜೊತೆಗೇ ಸರಿಯುತ್ತ ಹೋಗುತ್ತದೆ. ಈ ಸೌಲಭ್ಯದ ಚರಿತ್ರೆಯನ್ನು ಸಾಮಾನ್ಯವಾಗಿ ಉಪಗ್ರಹದಿಂದ ಶುರು ಮಾಡುತ್ತಾರೆ. 1978ರಲ್ಲಿ ಅಮೆರಿಕ ಮೊದಲ ಜಿಪಿಎಸ್ ಉಪಗ್ರಹವನ್ನು ಹಾರಿಸಿತು, 1995ರಲ್ಲಿ ಇಡೀ ವ್ಯವಸ್ಥೆ ಸಜ್ಜಾಯಿತು, 2000ದ ಮೇ ತಿಂಗಳಲ್ಲಿ ನಾಗರಿಕರ ಸಿಗ್ನಲ್ಲಿಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ತೆಗೆದುಹಾಕಿತು. ಇಸವಿಗಳೇನೋ ಸರಿಯಾಗಿವೆ. ಆದರೆ ಇದು ಆ ಚುಕ್ಕೆಯ ಚರಿತ್ರೆ ಮಾತ್ರ. ಚುಕ್ಕೆಯ ಕೆಳಗಿರುವ ನಕ್ಷೆಗೆ ಬೇರೆಯದೇ ಚರಿತ್ರೆಯಿದೆ, ಅದು ಇನ್ನೂ ಹಳೆಯದು. ರಸ್ತೆಯಿಲ್ಲದ ಕಡೆ ಗಾಡಿ ಓಡಿಸುವವನಿಗೆ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ನಾನೀಗ ಎಲ್ಲಿದ್ದೇನೆ? ಮುಂದಿನ ನೆಲ ನನ್ನ ಗಾಡಿಯನ್ನು ಹೊರುತ್ತದೆಯೇ? ಮೊದಲ ಪ್ರಶ್ನೆಯನ್ನು ಉಪಗ್ರಹ ಬಿಡಿಸಿದೆ. ಎರಡನೆಯದಕ್ಕೆ ಉತ್ತರ ಅಂದಿನಂತೆ ಇಂದೂ ಆ ನೆಲದ ಮೇಲೆ ಹೋಗಿಬಂದವರು ಬರೆದಿಟ್ಟ ಮಾತಿನಿಂದಲೇ ಬರಬೇಕು. ಇದನ್ನು ತಿಳಿಯಲು ಲಿಬಿಯಾದ ಮರುಭೂಮಿಗಿಂತ ಒಳ್ಳೆಯ ಜಾಗವಿಲ್ಲ. ಮೋಟಾರು ಗಾಡಿಗಳು ದಾರಿಯಿಲ್ಲದ ಕಡೆ ದಾರಿ ಹುಡುಕುವುದನ್ನು ಒಂದು ಶಾಸ್ತ್ರವಾಗಿ ಕಲಿತದ್ದು ಅಲ್ಲಿ.

ಈಜಿಪ್ಟಿನ ನೈಲ್ ನದಿಯಿಂದ ಪಶ್ಚಿಮಕ್ಕೆ, ಲಿಬಿಯಾದ ಒಳಗೂ ಸುಡಾನಿನ ಅಂಚಿಗೂ ಚಾಚಿಕೊಂಡಿರುವ ಬಯಲು ಅದು. ಅದರ ನಡುವೆ ಸುಮಾರು 72,000 ಚದರ ಕಿಲೋಮೀಟರಿನ ಮರಳುಸಮುದ್ರ. ಅಲ್ಲಿನ ದಿಬ್ಬಗಳು ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಸಾಲುಗಟ್ಟಿರುವುದರಿಂದ ಪಶ್ಚಿಮಕ್ಕೆ ಹೊರಟವನಿಗೆ ಪ್ರತಿಯೊಂದು ಸಾಲೂ ಅಡ್ಡಗೋಡೆ. 1874ರಲ್ಲಿ ಜರ್ಮನಿಯ ಗೆರ್ಹಾರ್ಡ್ ರೋಲ್ಫ್ಸ್ ಒಂಟೆಗಳೊಡನೆ ಪಶ್ಚಿಮಕ್ಕೆ ಹೊರಟವನು ಈ ಸಾಲುಗಳಿಗೆ ಸೋತು, ಉತ್ತರಕ್ಕೆ ತಿರುಗಿ ಸೀವಾ ಓಯಸಿಸ್ ಸೇರಿಕೊಂಡ. 1923ರಲ್ಲಿ ಈಜಿಪ್ಟಿನ ಅಹ್ಮದ್ ಹಸ್ಸನೈನ್ ಒಂಟೆಗಳ ಮೇಲೆಯೇ ದಕ್ಷಿಣಕ್ಕೆ ಸಾಗಿ ಅರ್ಕೇನು ಮತ್ತು ಉವೈನಾತ್ ಬೆಟ್ಟಗಳನ್ನು ಭೂಪಟಕ್ಕೆ ಸೇರಿಸಿದ. ಈ ಪ್ರದೇಶದ ಬಾವಿಗಳು, ಹುಲ್ಲು ಸಿಗುವ ತಗ್ಗುಗಳು, ಒಂಟೆ ಕಾಲಿಡಬಾರದ ಮರಳು ಇವೆಲ್ಲ ಬೆದೂಯಿನ್ ಮತ್ತು ತಿಬು ಜನರಿಗೆ ತಲೆತಲಾಂತರದಿಂದ ಗೊತ್ತಿದ್ದವು. ಯುರೋಪಿನವರು ‘ಕಂಡುಹಿಡಿದ’ ಎಷ್ಟೋ ಜಾಗಗಳಿಗೆ ಅವರ ಭಾಷೆಯಲ್ಲಿ ಆಗಲೇ ಹೆಸರಿತ್ತು. ಮೋಟಾರು ಗಾಡಿ ಬಂದಾಗ ಹೊಸದಾಗಿ ಬೇಕಾದದ್ದು ಬೇರೆ ಬಗೆಯ ತಿಳಿವಳಿಕೆ. ಒಂಟೆಗೆ ಸುಲಭವಾದ ಕಲ್ಲುಹಾಸು ಟೈರನ್ನು ಸೀಳುತ್ತದೆ, ಒಂಟೆಗೆ ಮೇವಿಲ್ಲದೆ ಸಾವಿನಂತೆ ಕಾಣುವ ಗಟ್ಟಿ ಬಯಲು ಗಾಡಿಗೆ ಹೆದ್ದಾರಿಯಾಗುತ್ತದೆ. ಮೊದಲ ಮಹಾಯುದ್ಧದಲ್ಲಿ, 1916ರಿಂದೀಚೆಗೆ, ಬ್ರಿಟಿಷರ ಲಘು ಕಾರು ಪಡೆಗಳು ಫೋರ್ಡ್ ಮಾಡೆಲ್ ಟಿ ಗಾಡಿಗಳಲ್ಲಿ ಅಲ್ಲಿನ ಸೆನುಸ್ಸಿ ಪಂಥದ ಹೋರಾಟಗಾರರ ಮೇಲೆ ಕಣ್ಣಿಡಲು ತಿರುಗುತ್ತಿದ್ದಾಗ ಈ ವ್ಯತ್ಯಾಸ ಮೊದಲು ಅನುಭವಕ್ಕೆ ಬಂತು. ಆ ಪಡೆಯ ಕ್ಲಾಡ್ ವಿಲಿಯಮ್ಸ್, ಈಜಿಪ್ಟಿನ ಮೋಜಣಿ ಇಲಾಖೆಯ ಜಾನ್ ಬಾಲ್ ಮೊದಲಾದವರು ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂದು ಬರೆದಿಟ್ಟರು. ನಮ್ಮ ಆಫ್‌ಲೈನ್ ನಕ್ಷೆಯ ವಂಶಾವಳಿ ಶುರುವಾಗುವುದು ಅಲ್ಲಿಂದ ಎಂಬುದು ನನ್ನ ಎಣಿಕೆ.

ಈ ಕೆಲಸವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ರಾಲ್ಫ್ ಬ್ಯಾಗ್ನಾಲ್ಡ್. 1896ರಲ್ಲಿ ಹುಟ್ಟಿದ ಈ ಬ್ರಿಟಿಷ್ ಸೇನಾ ಎಂಜಿನಿಯರ್ 1920ರ ದಶಕದಲ್ಲಿ ಕೈರೋದಲ್ಲಿದ್ದಾಗ ರಜೆಯ ದಿನಗಳನ್ನೂ ಸ್ವಂತ ಹಣವನ್ನೂ ಮರುಭೂಮಿಗೆ ಸುರಿದರು. ಮೊದಲು ಎದುರಾದದ್ದು ಜಾಗದ ಪ್ರಶ್ನೆಯೇ. ಅಯಸ್ಕಾಂತದ ದಿಕ್ಸೂಚಿ ಗಾಡಿಯ ಉಕ್ಕಿನ ನಡುವೆ ದಾರಿ ತಪ್ಪಿಸುತ್ತದೆ, ಪ್ರತಿಸಲ ಗಾಡಿ ನಿಲ್ಲಿಸಿ, ಇಳಿದು ದೂರ ನಡೆದು ನೋಡಬೇಕಾಗುತ್ತದೆ. ಹಾಗಾಗಿ ಬ್ಯಾಗ್ನಾಲ್ಡ್ ಸೂರ್ಯ ದಿಕ್ಸೂಚಿಯನ್ನು ಸುಧಾರಿಸಿ ಗಾಡಿಗೇ ಕೂರಿಸಿದರು. ಡಿಗ್ರಿಗಳನ್ನು ಗುರುತಿಸಿದ ಒಂದು ಮಟ್ಟಸ ಬಿಲ್ಲೆ, ನಡುವೆ ನೆಟ್ಟಗೆ ನಿಂತ ಸೂಜಿ. ಆ ಹೊತ್ತಿಗೆ ಸೂರ್ಯ ಯಾವ ದಿಕ್ಕಿನಲ್ಲಿರಬೇಕೆಂದು ಕೋಷ್ಟಕ ನೋಡಿ ಬಿಲ್ಲೆಯನ್ನು ಆಗಾಗ ತಿರುಗಿಸಿಕೊಂಡರೆ, ಸೂಜಿಯ ನೆರಳು ಗಾಡಿ ಸಾಗುತ್ತಿರುವ ದಿಕ್ಕನ್ನು ಓಡುತ್ತಿರುವಾಗಲೇ ತೋರಿಸುತ್ತದೆ. ದೂರವನ್ನು ಗಾಡಿಯ ಮೀಟರು ಹೇಳುತ್ತದೆ. ಬೇಸಿಗೆಯ ನಡುಮಧ್ಯಾಹ್ನ ನೆರಳು ಸೂಜಿಯ ಬುಡಕ್ಕೇ ಕುಗ್ಗಿದಾಗ ಉಪಕರಣ ಕೆಲಸಕ್ಕೆ ಬಾರದು, ಆಗ ನೆರಳು ಬೆಳೆಯುವ ತನಕ ನಿಲ್ಲಬೇಕು. ರಾತ್ರಿ ತಂಗಿದಲ್ಲಿ, ಕೋನ ಅಳೆಯುವ ಥಿಯೋಡೊಲೈಟಿನಿಂದ ನಕ್ಷತ್ರಗಳನ್ನು ಅಳೆದು, ರೇಡಿಯೋದಲ್ಲಿ ಬರುವ ಸಮಯದ ಸಂಕೇತಕ್ಕೆ ಗಡಿಯಾರವನ್ನು ಹೊಂದಿಸಿ ಅಕ್ಷಾಂಶ ರೇಖಾಂಶಗಳನ್ನು ಲೆಕ್ಕ ಹಾಕುತ್ತಿದ್ದರು. ಗಡಿಯಾರ ನಾಲ್ಕು ಸೆಕೆಂಡು ತಪ್ಪಿದರೆ ಆ ಅಕ್ಷಾಂಶದಲ್ಲಿ ಸುಮಾರು 1.7 ಕಿಲೋಮೀಟರು ತಪ್ಪಿದ ಹಾಗೆ. ಜಿಪಿಎಸ್ ಉಪಗ್ರಹವೂ ಕೊನೆಗೆ ಒಂದು ಗಡಿಯಾರವೇ. ಸಮಯವನ್ನು ಬಿಗಿಯಾಗಿ ಹಿಡಿದರೆ ಜಾಗ ಸಿಗುತ್ತದೆ ಎಂಬ ತತ್ವದಲ್ಲಿ ಬದಲಾವಣೆಯಿಲ್ಲ, ಸೆಕೆಂಡು ಇದ್ದಲ್ಲಿ ನ್ಯಾನೋಸೆಕೆಂಡು ಬಂದಿದೆ.

ಹೀಗೆ 1930ರ ಸುಮಾರಿಗೇ, ಶ್ರಮಪಟ್ಟರೆ, ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು. ಬ್ಯಾಗ್ನಾಲ್ಡ್ ಬದುಕಿನ ಉಳಿದ ಭಾಗವನ್ನು ಕೊಟ್ಟದ್ದು ಎರಡನೆಯದಕ್ಕೆ. ದಿಬ್ಬದ ಒಂದು ಮೈಯಲ್ಲಿ ಗಾಡಿ ಸಲೀಸಾಗಿ ಏರುತ್ತದೆ, ನಾಲ್ಕು ಮಾರು ಆಚೆ ಅಚ್ಚಿನ ತನಕ ಹುದುಗುತ್ತದೆ. ಬಣ್ಣ ಒಂದೇ, ಕಣ್ಣಿಗೆ ವ್ಯತ್ಯಾಸ ಕಾಣದು. ಗಾಳಿ ಹೊಡೆಯುವ ಮೈಯಲ್ಲಿ ಕಣಗಳು ಒತ್ತಾಗಿ ಜೋಡಣೆಗೊಂಡು ಗಟ್ಟಿಯಾಗುತ್ತವೆ, ಗಾಳಿಯ ಮರೆಯಲ್ಲಿ ಜಾರಿಬಿದ್ದ ಮರಳು ಸಡಿಲವಾಗಿರುತ್ತದೆ ಎಂಬುದನ್ನು ಅವರು ಚಕ್ರದಿಂದ ಕಲಿತರು. ಟೈರಿನ ಗಾಳಿ ಇಳಿಸಿದರೆ ಭಾರ ಹಂಚಿಹೋಗುತ್ತದೆ, ಹೂತ ಚಕ್ರದಡಿ ಉಕ್ಕಿನ ಹಲಗೆ ಕೊಟ್ಟರೆ ಗಾಡಿ ಮೇಲೇಳುತ್ತದೆ, ರೇಡಿಯೇಟರಿನಿಂದ ಕುದಿದು ಬರುವ ಆವಿಯನ್ನು ಡಬ್ಬಿಯಲ್ಲಿ ಹಿಡಿದರೆ ಅದೇ ನೀರು ಮತ್ತೆ ಬಳಕೆಗೆ ಬರುತ್ತದೆ. ಇಂದಿಗೂ ಮರಳಿನಲ್ಲಿ ಗಾಡಿ ಓಡಿಸುವವರು ಟೈರಿನ ಗಾಳಿ ಇಳಿಸುತ್ತಾರೆ, ಉದ್ದುದ್ದ ಹಲಗೆಗಳನ್ನು ಗಾಡಿಯ ಮೇಲೆ ಕಟ್ಟಿಕೊಂಡು ಹೋಗುತ್ತಾರೆ. ಬ್ಯಾಗ್ನಾಲ್ಡ್ ಇಂಗ್ಲೆಂಡಿಗೆ ಮರಳಿದ ಮೇಲೆ ಗಾಳಿಸುರಂಗ ಕಟ್ಟಿಕೊಂಡು ಪ್ರಯೋಗ ನಡೆಸಿ, ಗಾಳಿ ಹೊರುವ ಮರಳಿನ ಭೌತವಿಜ್ಞಾನದ ಮೇಲೆ 1941ರಲ್ಲಿ ಪುಸ್ತಕ ಪ್ರಕಟಿಸಿದರು. ಗಾಡಿ ಏಕೆ ಹೂತುಹೋಯಿತು ಎಂಬ ಕುತೂಹಲ ಅಷ್ಟು ದೂರ ಹೋಯಿತು. ಮಂಗಳ ಗ್ರಹದ ದಿಬ್ಬಗಳನ್ನು ಅರಿಯಲೂ ವಿಜ್ಞಾನಿಗಳು ಆ ಪುಸ್ತಕವನ್ನು ಬಳಸುತ್ತಾರೆ, ಅಲ್ಲಿನ ಒಂದು ದಿಬ್ಬಗಳ ಬಯಲಿಗೆ ಬ್ಯಾಗ್ನಾಲ್ಡರ ಹೆಸರಿದೆ.

1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ಯಾಗ್ನಾಲ್ಡರ ಹವ್ಯಾಸ ಸೈನ್ಯದ ಪಡೆಯಾಯಿತು. ಜನರಲ್ ವೇವೆಲ್ ಒಪ್ಪಿಗೆ ಕೊಟ್ಟರು, ನ್ಯೂಜಿಲೆಂಡಿನ ಸೈನಿಕರು ಸ್ವಇಚ್ಛೆಯಿಂದ ಸೇರಿದರು, ಷೆವ್ರೊಲೆ ಟ್ರಕ್ಕುಗಳು ಬಂದವು, ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಹುಟ್ಟಿತು. ಇದಕ್ಕೆ ಭಾರತದ ನಂಟೂ ಇದೆ. ಭಾರತೀಯ ಅಶ್ವದಳಗಳಿಂದ ಆರಿಸಿದವರ ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್ ಎಂಬ ಪಡೆ 1942ರಲ್ಲಿ ಇವರ ಜೊತೆ ಸೇರಿತು. ಜಾಟ್, ರಜಪೂತ, ಸಿಖ್, ಪಂಜಾಬಿ ಮುಸ್ಲಿಂ ಸೈನಿಕರು ಈ ಮರಳಿನಲ್ಲಿ ಗಾಡಿ ಓಡಿಸಿದರು. ಪ್ರತಿ ತಂಡದಲ್ಲೂ ದಾರಿಗಾರನೊಬ್ಬನಿರುತ್ತಿದ್ದ. ಹಗಲೆಲ್ಲ ದಿಕ್ಕು ದೂರ ಬರೆದುಕೊಳ್ಳುವುದು, ರಾತ್ರಿ ಉಳಿದವರು ಮಲಗಿದ ಮೇಲೆ ನಕ್ಷತ್ರ ನೋಡುವುದು ಅವನ ಪಾಡು. ಆ ಕೆಲಸಕ್ಕೆ ಎಷ್ಟು ಬೆಲೆಯಿತ್ತೆಂಬುದಕ್ಕೆ ಅದೇ ಮರುಭೂಮಿಯ ಒಂದು ದುರಂತ ಸಾಕ್ಷಿ. 1942ರ ಮೇ ತಿಂಗಳಲ್ಲಿ ಲಿಬಿಯಾದ ಕುಫ್ರಾ ಓಯಸಿಸ್ಸಿನಿಂದ ಹಾರಿದ ದಕ್ಷಿಣ ಆಫ್ರಿಕಾ ವಾಯುಪಡೆಯ ಮೂರು ಬ್ಲೆನ್‌ಹೈಮ್ ವಿಮಾನಗಳು ದಾರಿ ತಪ್ಪಿ ಮರಳಿನಲ್ಲಿಳಿದವು. ಹನ್ನೆರಡು ಜನರಲ್ಲಿ ಹನ್ನೊಂದು ಮಂದಿ ಸತ್ತರು, ಬಹುಪಾಲು ನೀರಡಿಕೆಯಿಂದ. ನಾನೆಲ್ಲಿದ್ದೇನೆ ಎಂಬ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ, ನನ್ನ ವಾದದ ಉದ್ದೇಶವೂ ಅದಲ್ಲ.

ಆದರೆ ಆ ಯುದ್ಧದಲ್ಲಿ ಸೇನೆಗಳು ಹೆಚ್ಚು ಬೆಲೆ ಕೊಟ್ಟ ನಕ್ಷೆ ಯಾವುದು ನೋಡಿ. ಬ್ರಿಟಿಷರು ಮರುಭೂಮಿಗೆಂದೇ ಒಂದು ಬಗೆಯ ನಕ್ಷೆ ಅಚ್ಚುಹಾಕಿಸಿದ್ದರು. ಅದರಲ್ಲಿ ಊರು ಬೆಟ್ಟಗಳಿಗಿಂತ ನೆಲದ ಗುಣಕ್ಕೆ ಪ್ರಾಧಾನ್ಯ. ಗಾಡಿ ವೇಗವಾಗಿ ಸಾಗುವ ನೆಲಕ್ಕೆ ಒಂದು ಬಣ್ಣ, ಕಷ್ಟದ ನೆಲಕ್ಕೆ ಇನ್ನೊಂದು, ಹೋಗಲೇಬಾರದ ನೆಲಕ್ಕೆ ಮತ್ತೊಂದು. 1942ರ ಆಗಸ್ಟ್ ಕೊನೆಯಲ್ಲಿ, ಆಲಮ್ ಹಲ್ಫಾ ಕಾಳಗಕ್ಕೆ ಮುಂಚೆ, ಅವರು ಇಂಥದೇ ಒಂದು ಸುಳ್ಳು ನಕ್ಷೆ ಮಾಡಿ, ಕೆಟ್ಟುನಿಂತ ಗಾಡಿಯಲ್ಲಿ ಜರ್ಮನರ ಕೈಗೆ ಸಿಗುವಂತೆ ಬಿಟ್ಟರು. ಸಡಿಲ ಮರಳನ್ನು ಅದು ಗಟ್ಟಿ ನೆಲವೆಂದು ತೋರಿಸುತ್ತಿತ್ತು. ಜರ್ಮನ್ ಸೇನಾನಿ ರೋಮೆಲ್‌ನ ಟ್ಯಾಂಕುಗಳು ಮರಳಿನಲ್ಲಿ ಒದ್ದಾಡಿ ಪೆಟ್ರೋಲು ಕಳೆದುಕೊಂಡದ್ದರಲ್ಲಿ ಆ ನಕ್ಷೆಯ ಪಾಲೆಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ನನಗೆ ಮುಖ್ಯವಾದದ್ದು ಆ ಉಪಾಯವನ್ನು ಯೋಚಿಸಿದವರ ತರ್ಕ. ಶತ್ರುವಿಗೆ ತಾನೆಲ್ಲಿದ್ದೇನೆಂಬುದು ಚೆನ್ನಾಗಿ ಗೊತ್ತಿದ್ದರೂ ನೆಲದ ಬಗ್ಗೆ ಒಂದು ಸುಳ್ಳು ಹೇಳಿದರೆ ಸಾಕು, ಅವನನ್ನು ಕೆಡವಬಹುದು ಎಂದು ಅವರು ಲೆಕ್ಕ ಹಾಕಿದ್ದರು. ಇದರ ಇನ್ನೊಂದು ಮಗ್ಗುಲು ಟ್ಯುನೀಶಿಯಾದಲ್ಲಿ ಕಾಣುತ್ತದೆ. 1942-43ರ ಚಳಿಗಾಲದಲ್ಲಿ ನ್ಯೂಜಿಲೆಂಡಿನ ನಿಕ್ ವೈಲ್ಡರ್ ಎಂಬ ಅಧಿಕಾರಿಯ ತಂಡ ಮಟ್ಮಾಟಾ ಬೆಟ್ಟಗಳ ದಕ್ಷಿಣದಲ್ಲಿ ಸೈನ್ಯ ಸಾಗಬಹುದಾದ ಒಂದು ಕಣಿವೆಯನ್ನು ಗೊತ್ತುಮಾಡಿಕೊಂಡಿತು. ಮರೆತ್ ರಕ್ಷಣಾಸಾಲನ್ನು ಎದುರಿನಿಂದ ಒಡೆಯಲಾಗದ ಸೈನ್ಯ ಮಾರ್ಚ್‌ನಲ್ಲಿ ಆ ಕಣಿವೆಯ ಮೂಲಕ ಸುತ್ತಿಬಂದು ಶತ್ರುವಿನ ಬೆನ್ನಿಗೆ ಬಿತ್ತು. ನೆಲವನ್ನು ಓಡಾಡಿ ಪರೀಕ್ಷಿಸಿದ ಕೆಲವೇ ಟ್ರಕ್ಕುಗಳ ವರದಿ ಒಂದು ಇಡೀ ಸೈನ್ಯದ ದಾರಿಯಾಯಿತು.

ಅರ್ಧ ಶತಮಾನ ಕಳೆದು, 1991ರ ಕೊಲ್ಲಿ ಯುದ್ಧ. ಜಿಪಿಎಸ್‌ನ ಮೊದಲ ದೊಡ್ಡ ಪರೀಕ್ಷೆ ಅದು. ಇರಾಕಿನ ದಕ್ಷಿಣದ ಗುರುತಿಲ್ಲದ ಬಯಲಿನಲ್ಲಿ ಅಮೆರಿಕದ ಟ್ಯಾಂಕುಗಳು ಬಳಸುದಾರಿಯಲ್ಲಿ ನುಗ್ಗಲು ಸಾಧ್ಯವಾದದ್ದು ಕೈಯಳತೆಯ ಗ್ರಾಹಕಗಳಿಂದ. ಸೇನೆಯ ಉಪಕರಣ ಸಾಲದೆ ಮಾರುಕಟ್ಟೆಯ ಸೆಟ್ಟುಗಳನ್ನೇ ಕೊಂಡರು, ಅವು ಸರಿಯಾಗಿ ಕೆಲಸ ಮಾಡಲೆಂದು ಕೃತಕ ದೋಷವನ್ನು ಯುದ್ಧ ಮುಗಿಯುವ ತನಕ ನಿಲ್ಲಿಸಿದರು. ಜಾಗದ ಪ್ರಶ್ನೆ ಮುಗಿದಂತೆ ಕಂಡ ಗಳಿಗೆ ಅದು. ಆದರೂ ಆ ನುಗ್ಗುವಿಕೆಗೆ ಮುಂಚೆ ಸಣ್ಣ ತಂಡಗಳನ್ನು ಶತ್ರುವಿನ ನೆಲದೊಳಕ್ಕೆ ಕಳಿಸಿ, ಮಣ್ಣು ಭಾರವಾದ ಗಾಡಿಗಳನ್ನು ತಾಳುತ್ತದೆಯೇ ಎಂದು ಮುಟ್ಟಿ ಪರೀಕ್ಷಿಸಿ ಬರಬೇಕಾಯಿತು. ಆಕಾಶದಲ್ಲಿ ಬೇಹುಗಾರಿಕೆಯ ಉಪಗ್ರಹಗಳಿದ್ದವು, ಛಾಯಾಚಿತ್ರಗಳಿಗೆ ಬರವಿರಲಿಲ್ಲ. ಹಾಗಿದ್ದರೂ ಜೀವದ ಹಂಗು ತೊರೆದು ನೆಲಕ್ಕೆ ಹೋಗುವವರು ಬೇಕಾದರು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಕಂಡಿಲ್ಲ.

ನಾಗರಿಕರ ಕಥೆಯೂ ಇದೇ ಜಾಡಿನಲ್ಲಿ ಸಾಗಿದೆ. 1977ರಲ್ಲಿ ರ‍್ಯಾಲಿಯೊಂದರಲ್ಲಿ ಲಿಬಿಯಾದ ಮರುಭೂಮಿಯಲ್ಲೇ ದಾರಿ ತಪ್ಪಿ ಬದುಕಿ ಬಂದ ಫ್ರೆಂಚ್ ಸವಾರ ಥಿಯೆರಿ ಸಬೀನ್ ಮರುವರ್ಷ ಪ್ಯಾರಿಸ್ ಡಾಕಾರ್ ಸ್ಪರ್ಧೆ ಹುಟ್ಟುಹಾಕಿದರು. 1992ರಲ್ಲಿ ಅದಕ್ಕೆ ಜಿಪಿಎಸ್ ಬಂತು. ಆದರೆ ಸ್ಪರ್ಧೆಯ ಜೀವಾಳ ಇವತ್ತಿಗೂ ರೋಡ್‌ಬುಕ್: ಇಷ್ಟು ಕಿಲೋಮೀಟರಿಗೆ ಒಣಹಳ್ಳ, ಇಲ್ಲಿ ಗುಂಡಿ, ಇಲ್ಲಿ ಎಡಕ್ಕೆ ಹೊರಳುವ ಜಾಡು, ಇಲ್ಲಿ ಅಪಾಯ. ಸಂಘಟಕರು ಮುಂಚಿತವಾಗಿ ಆ ದಾರಿಯಲ್ಲಿ ಓಡಾಡಿ ಬರೆದದ್ದು ಅದು. ಹವ್ಯಾಸಿಗಳು 1990ರ ದಶಕದ ಕೊನೆಯಲ್ಲಿ ಮಾಡಿದ್ದು ಇನ್ನೂ ಕುತೂಹಲದ್ದು. ಆಸ್ಟ್ರೇಲಿಯಾದಲ್ಲಿ ತಯಾರಾದ ಓಜಿಎಕ್ಸ್‌ಪ್ಲೋರರ್ ಎಂಬ ತಂತ್ರಾಂಶದಲ್ಲಿ ಕಾಗದದ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಕೆಲವು ಬಿಂದುಗಳ ಅಕ್ಷಾಂಶ ರೇಖಾಂಶ ಕೊಟ್ಟು ಹೊಂದಿಸಿದರೆ, ಲ್ಯಾಪ್‌ಟಾಪಿನ ಪರದೆಯ ಮೇಲೆ ಗಾಡಿಯ ಗುರುತು ಆ ಹಳೆಯ ನಕ್ಷೆಯ ಮೇಲೆಯೇ ಚಲಿಸುತ್ತಿತ್ತು. ಇದೇ ಆಫ್‌ಲೈನ್ ನಕ್ಷೆಯ ಮೊದಲ ಜನಪ್ರಿಯ ರೂಪ. ಸಹಾರಾಕ್ಕೆ ಹೊರಟವರು ಅದರಲ್ಲಿ ತುಂಬಿಕೊಂಡದ್ದು ಫ್ರಾನ್ಸಿನ ಸರ್ಕಾರಿ ಮೋಜಣಿಯ ಹಾಳೆಗಳನ್ನು, ಸೋವಿಯತ್ ಒಕ್ಕೂಟ ಒಡೆದ ಮೇಲೆ ಹೊರಬಂದ ಅದರ ಸೇನಾ ನಕ್ಷೆಗಳನ್ನು. ಎರಡು ಲಕ್ಷಕ್ಕೆ ಒಂದರ ಅಳತೆಯ ಆ ಸೋವಿಯತ್ ಹಾಳೆಗಳ ಬೆನ್ನಿಗೆ ಆ ಪ್ರದೇಶದ ಮಣ್ಣು, ನೀರು, ದಾರಿಗಳ ವಿವರಣೆ ಅಚ್ಚಾಗಿರುತ್ತಿತ್ತು. ಹೊಸ ಚುಕ್ಕೆಗೆ ಆಸರೆಯಾದದ್ದು ಹೀಗೆ ಹಳೆಯ ಕಾಗದ. ಕಾಗದವನ್ನು ಕಣ್ಣುಮುಚ್ಚಿ ನಂಬಬೇಕೆಂದು ನಾನು ಹೇಳುತ್ತಿಲ್ಲ. ಹಳೆಯ ಹಾಳೆಗಳ ಭೂಮಾನ, ಅಂದರೆ ಅಕ್ಷಾಂಶ ರೇಖಾಂಶ ಎಣಿಸುವ ಆಧಾರ, ಬೇರೆ, ಜಿಪಿಎಸ್‌ನದು ಬೇರೆ. ಹೊಂದಿಸದೆ ಬಳಸಿದರೆ ಚುಕ್ಕೆ ನೂರಾರು ಮೀಟರು ಆಚೀಚೆ ಬೀಳುತ್ತದೆ.

ನನ್ನ ಮಾತಿಗೆ ಎದುರಾಗುವ ಮೊದಲ ಆಕ್ಷೇಪ ಬಲವಾದದ್ದೇ: ಥಿಯೋಡೊಲೈಟು, ಲಾಗರಿತಮ್ ಕೋಷ್ಟಕ ಬಲ್ಲವರು ಸಾವಿರಕ್ಕೊಬ್ಬರು, ಜಿಪಿಎಸ್ ಆ ವಿದ್ಯೆಯನ್ನು ಎಲ್ಲರ ಕೈಗೂ ಕೊಟ್ಟಿತಲ್ಲ? ಒಪ್ಪುತ್ತೇನೆ. ಸೇನಾಧಿಕಾರಿಗಳ, ರಾಜಕುಮಾರರ ಸೊತ್ತಾಗಿದ್ದ ಮರುಭೂಮಿ ಸಾಮಾನ್ಯ ಸಂಬಳದಾರನಿಗೂ ತೆರೆದದ್ದು ದೊಡ್ಡ ಸಂಗತಿ. ಆ ಬ್ಲೆನ್‌ಹೈಮ್ ವಿಮಾನಗಳಲ್ಲಿ ಇಂದಿನ ಒಂದು ಫೋನಿದ್ದಿದ್ದರೆ ಹನ್ನೊಂದು ಜೀವ ಉಳಿಯುತ್ತಿದ್ದವು. ಆದರೆ ಹಳೆಯ ಪದ್ಧತಿಯಲ್ಲಿ ಎರಡೂ ವಿದ್ಯೆಗಳು ಒಟ್ಟಿಗೆ ಬರುತ್ತಿದ್ದವು. ದಿಕ್ಕು ದೂರ ಬರೆದುಕೊಳ್ಳುತ್ತ ಹೋದವನು ನೆಲವನ್ನು ನೋಡದೆ ಇರಲು ಸಾಧ್ಯವಿರಲಿಲ್ಲ. ಈಗ ಮೊದಲನೆಯದು ಪುಕ್ಕಟೆಯಾಗಿ ಸಿಕ್ಕಿದ್ದರಿಂದ ಎರಡನೆಯದೂ ಅದರೊಳಗೇ ಇದೆ ಎಂಬ ಭ್ರಮೆ ಹುಟ್ಟಿದೆ. 2012ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪೊಲೀಸರು ಹೊರಡಿಸಿದ ಎಚ್ಚರಿಕೆ ಇದನ್ನೇ ಹೇಳುತ್ತದೆ. ಆಪಲ್ ಫೋನಿನ ನಕ್ಷೆ ಮಿಲ್ಡುರಾ ಪಟ್ಟಣವನ್ನು ಸುಮಾರು 70 ಕಿಲೋಮೀಟರು ಆಚೆ, ನೀರಿಲ್ಲದ ಒಂದು ರಾಷ್ಟ್ರೀಯ ಉದ್ಯಾನದ ನಡುವೆ ತೋರಿಸುತ್ತಿತ್ತು. ತಾಪಮಾನ 46 ಡಿಗ್ರಿ ಮುಟ್ಟಬಲ್ಲ ಆ ಕಾಡಿನಲ್ಲಿ ಹಲವರು ಸಿಕ್ಕಿಬಿದ್ದರು. ಉಪಗ್ರಹಗಳು ಆಗ ಏನೂ ತಪ್ಪು ಮಾಡಿರಲಿಲ್ಲ, ಪ್ರತಿಯೊಂದು ಫೋನಿಗೂ ತಾನಿರುವ ಜಾಗ ಸರಿಯಾಗಿಯೇ ಗೊತ್ತಿತ್ತು.

ಎರಡನೆಯ ಆಕ್ಷೇಪ: ಈಗ ಉಪಗ್ರಹದ ಚಿತ್ರಗಳಲ್ಲಿ ಪ್ರತಿಯೊಂದು ದಿಬ್ಬ, ಪ್ರತಿಯೊಂದು ಟೈರಿನ ಜಾಡು ಕಾಣುವಾಗ ನೆಲಕ್ಕೆ ಹೋಗಿಬಂದವನ ವರದಿ ಯಾಕೆ ಬೇಕು? ಚಿತ್ರ ಆಕಾರವನ್ನು ತೋರಿಸುತ್ತದೆ, ಬಲವನ್ನು ತೋರಿಸದು. ಇದನ್ನು ಮಂಗಳ ಗ್ರಹದಲ್ಲಿ ನಾಸಾ ಕಲಿಯಿತು. ಸ್ಪಿರಿಟ್ ಎಂಬ ರೋವರ್ ಎಲ್ಲಿದೆಯೆಂಬುದು ಎಂಜಿನಿಯರುಗಳಿಗೆ ಗೊತ್ತಿತ್ತು, ಕಕ್ಷೆಯಿಂದ ತೆಗೆದ ಅತಿ ಸೂಕ್ಷ್ಮ ಚಿತ್ರಗಳು ಎದುರಿಗಿದ್ದವು. 2009ರಲ್ಲಿ ತೆಳ್ಳಗಿನ ಗಟ್ಟಿ ಪದರವೊಂದು ಒಡೆದು ಅದರ ಚಕ್ರಗಳು ಕೆಳಗಿನ ಸಡಿಲ ಮಣ್ಣಿಗೆ ಇಳಿದವು. ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಅದು ಮೇಲೆ ಬರಲಿಲ್ಲ, 2010ರ ಮಾರ್ಚ್‌ನಲ್ಲಿ ಕೊನೆಯ ಸಂದೇಶ ಕಳಿಸಿ ಮೌನವಾಯಿತು. ಭೂಮಿಯ ಮೇಲೆ ಇನ್ನೂ ಭೀಕರವಾದ ಉದಾಹರಣೆಯಿದೆ. ಅಲ್ ಅಲಮೇನ್ ಸುತ್ತಲಿನ ಬಯಲಿನಲ್ಲಿ ಎರಡನೇ ಮಹಾಯುದ್ಧದಲ್ಲಿ ಹೂತ ನೆಲಬಾಂಬುಗಳು ಇವತ್ತಿಗೂ ಜನರ ಕಾಲು ಕೀಳುತ್ತಿವೆ. ಯಾವ ಚಿತ್ರದಲ್ಲೂ ಅವು ಕಾಣುವುದಿಲ್ಲ. ಅವು ಎಲ್ಲಿವೆಯೆಂದು ಅಲ್ಲಿನ ಕುರಿಗಾಹಿಗಳಿಗೆ ಒಂದಿಷ್ಟು ಗೊತ್ತು, ನೆಲವನ್ನು ಅಂಗುಲ ಅಂಗುಲವಾಗಿ ಕೆದಕುವವರಿಗೆ ಗೊತ್ತು.

ಹಾಗಾದರೆ ಹೋಗಿಬಂದವರೆಲ್ಲ ತಮ್ಮ ಜಾಡನ್ನು ಹಂಚಿಕೊಳ್ಳುತ್ತಾರಲ್ಲ, ಅದು ಸಾಲದೇ ಎಂಬುದು ಮೂರನೆಯದು. ಇದು ಸರಿಯಾದ ದಿಕ್ಕಿನ ಮಾತು, ಅರ್ಧ ದಾರಿಗೆ ನಿಂತಿದೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆಯೇ ಇಂದು ಬಹುಪಾಲು ಆಫ್‌ಲೈನ್ ಆ್ಯಪ್‌ಗಳ ತಳಹದಿ. ಅದರಲ್ಲಿ ಕಚ್ಚಾ ದಾರಿಯ ಗಟ್ಟಿತನವನ್ನು ಒಂದರಿಂದ ಐದರವರೆಗೆ ಶ್ರೇಣಿ ಕೊಟ್ಟು ದಾಖಲಿಸಲು ಅವಕಾಶವಿದೆ, ದಾರಿಯ ಮೈ ಮಣ್ಣೋ ಜಲ್ಲಿಯೋ ಮರಳೋ ಎಂದು ಬರೆಯಲು ಜಾಗವಿದೆ. 1942ರ ಬಣ್ಣದ ನಕ್ಷೆಯ ವಾರಸುದಾರಿಕೆ ಇದೇ. ಆದರೆ ಎಷ್ಟೋ ದಾರಿಗಳಲ್ಲಿ ಆ ಜಾಗ ಖಾಲಿ ಬಿದ್ದಿದೆ. ಚಿತ್ರ ನೋಡಿ ಗೆರೆ ಎಳೆಯುವುದು ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸ, ಶ್ರೇಣಿ ಕೊಡಲು ಅಲ್ಲಿಗೆ ಹೋಗಬೇಕು. ಬರಿಯ ಜಾಡಿನ ಕಡತವೂ ಅಷ್ಟೇ ಮೂಕ. ಅದು ಯಾವ ತಿಂಗಳು, ಮಳೆಗೆ ಮುಂಚೆಯೋ ನಂತರವೋ, ಗಾಡಿ ಒಂದೇ ಇತ್ತೋ ಎಳೆಯಲು ಇನ್ನೊಂದು ಜೊತೆಗಿತ್ತೋ, ಒಂದು ಕಿಲೋಮೀಟರಿಗೆ ಎರಡು ನಿಮಿಷ ಹಿಡಿಯಿತೋ ಹಲಗೆ ಹಾಸಿ ಅರ್ಧ ದಿನ ಹಿಡಿಯಿತೋ ಎಂಬುದನ್ನು ಆ ಗೆರೆ ಹೇಳುವುದಿಲ್ಲ. ಬ್ಯಾಗ್ನಾಲ್ಡರ ಕಾಲದವರು ಇವನ್ನೆಲ್ಲ ದಿನಚರಿಯಲ್ಲಿ ಬರೆಯುತ್ತಿದ್ದರು, ಅದಕ್ಕೇ ಅವರ ವರದಿಯನ್ನು ನಂಬಿ ಯುದ್ಧಕಾಲದ ಪಡೆಗಳು ಹೊರಟವು.

ಈ ವಿಷಯದಲ್ಲಿ ಕರ್ನಾಟಕ ದೂರದ ಪ್ರೇಕ್ಷಕನೇನಲ್ಲ. ಬ್ರಿಟಿಷ್ ಮೋಜಣಿದಾರ ಲ್ಯಾಂಬ್ಟನ್ ದಕ್ಷಿಣ ಭಾರತವನ್ನು ತ್ರಿಕೋನಗಳಲ್ಲಿ ಅಳೆಯುವಾಗ ಆಧಾರರೇಖೆಯೊಂದನ್ನು ಬೆಂಗಳೂರಿನ ಬಳಿ ಹಾಕಿದ್ದ. ಟಿಪ್ಪುವಿನ ಪತನದ ನಂತರ ಕಾಲಿನ್ ಮೆಕೆಂಜಿಯ ತಂಡ ಮೈಸೂರು ಸೀಮೆಯನ್ನು ವರ್ಷಗಟ್ಟಲೆ ಸುತ್ತಿ ನೆಲ, ನೀರು, ಊರು, ದಾರಿಗಳನ್ನು ದಾಖಲಿಸಿತು. ಅಳತೆ ಒಬ್ಬನದು, ನೆಲದ ವಿವರ ಇನ್ನೊಬ್ಬನದು, ಎರಡೂ ಸೇರಿದಾಗ ನಕ್ಷೆಯಾಯಿತು. ಇಂದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊದ ನ್ಯಾವಿಗೇಷನ್ ಕೇಂದ್ರವಿದೆ. 2013ರಿಂದ ಹಾರಿಸಿದ ನಮ್ಮದೇ ಉಪಗ್ರಹಗಳ ನಾವಿಕ್ ವ್ಯವಸ್ಥೆಯಿದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಮೇಲಿದ್ದ ಹಳೆಯ ನಿರ್ಬಂಧಗಳನ್ನು ಸಡಿಲಿಸಿದೆ. ಚುಕ್ಕೆಗೆ ನಮ್ಮಲ್ಲಿ ಕೊರತೆಯಿಲ್ಲ. ಥಾರ್ ಮರುಭೂಮಿಗೋ ಲಡಾಖಿಗೋ ಕಛ್‌ನ ರಣಕ್ಕೋ ಜೀಪು ತೆಗೆದುಕೊಂಡು ಹೊರಡುವ ಕನ್ನಡಿಗರು ನಕ್ಷೆ ಇಳಿಸಿಕೊಳ್ಳುವಾಗ ಆ ಗೆರೆಯನ್ನು ಯಾರು, ಯಾವ ಋತುವಿನಲ್ಲಿ, ಯಾವ ಗಾಡಿಯಲ್ಲಿ ಹೋಗಿ ಗುರುತಿಸಿದರೆಂದು ವಿಚಾರಿಸಿ. ಉತ್ತರ ಸಿಗದಿದ್ದರೆ ಅಲ್ಲಿಯೇ ಇರುವ ಕುರಿಗಾಹಿಯನ್ನೋ ಲಾರಿ ಚಾಲಕನನ್ನೋ ಕೇಳಿ ಮುಂದೆ ಹೋಗಿ. ಹಿಂದಿರುಗಿದ ಮೇಲೆ ಬರಿಯ ಜಾಡು ಹಂಚಬೇಡಿ. ನೆಲ ಹೇಗಿತ್ತು, ಎಲ್ಲಿ ಹೂತಿತು, ನೀರು ಎಲ್ಲಿ ಸಿಕ್ಕಿತು, ಯಾವ ತಿಂಗಳು ಎಂದು ನಾಲ್ಕು ಸಾಲು ಬರೆದು ಸೇರಿಸಿ.